ಫ್ರಾಂಕೆನ್‌ಸ್ಟೈನ್ ಕಾದಂಬರಿಯಲ್ಲಿ ಮಹತ್ವಾಕಾಂಕ್ಷೆ

ಫ್ರಾಂಕೆನ್‌ಸ್ಟೈನ್ ಆಂಗ್ಲ ಲೇಖಕಿ ಮೇರಿ ಶೆಲ್ಲಿಯವರ ಗಾಥಿಕ್ ಕಾದಂಬರಿ. 1818ರಲ್ಲಿ ಲಂಡನ್ನಿನಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ದೇವತೆಗಳಿಂದ ಬೆಂಕಿಯನ್ನು ಕದ್ದು ಶಿಕ್ಷೆಗೊಳಗಾದ ಗ್ರೀಕ್ ಪುರಾಣದ ಪ್ರೊಮಿಥಿಯಸ್‌ನನ್ನು ಇದರ ಉಪಶೀರ್ಷಿಕೆ ನೆನಪಿಸುತ್ತದೆ.

ಜಿನೀವಾದ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಇಂಗೋಲ್‌ಸ್ಟಾಟ್‌ನಲ್ಲಿ ವ್ಯಾಸಂಗ ಮಾಡುವಾಗ ನಿರ್ಜೀವ ದೇಹಕ್ಕೆ ಜೀವ ತುಂಬುವ ರಹಸ್ಯವನ್ನು ಕಂಡುಕೊಳ್ಳುತ್ತಾನೆ. ಹೊಸದೊಂದು ಜೀವಸಂಕುಲ ತನ್ನನ್ನು ಸೃಷ್ಟಿಕರ್ತನೆಂದು ಕೊಂಡಾಡಬೇಕೆಂಬುದು ಅವನ ಆಸೆ. ಆದರೆ ಸುಮಾರು ಎರಡು ವರ್ಷಗಳ ಶ್ರಮದ ಫಲವಾದ ಜೀವಿ ಕಣ್ತೆರೆದೊಡನೆ ಅದರ ವಿಕಾರರೂಪಕ್ಕೆ ಹೇಸಿ ಓಡಿಹೋಗುತ್ತಾನೆ. ಅದಕ್ಕೊಂದು ಹೆಸರನ್ನೂ ಇಡುವುದಿಲ್ಲ. (ಫ್ರಾಂಕೆನ್‌ಸ್ಟೈನ್ ಎಂಬುದು ಆ ಜೀವಿಯ ಹೆಸರೆಂದು ತಿಳಿಯುವವರು ಇಂದಿಗೂ ಅನೇಕರು.) ವಿಕ್ಟರನ ಅನರ್ಥಕ್ಕೆ ಜ್ಞಾನದಾಹವೊಂದೇ ಕಾರಣವೆನ್ನುವುದು ಅರ್ಧಸತ್ಯ, ಹುಟ್ಟಿಸಿದ್ದನ್ನು ಕೈಬಿಟ್ಟದ್ದು ಅದಕ್ಕಿಂತ ದೊಡ್ಡ ಅಪರಾಧ.

ಪರಿಣಾಮವನ್ನು ಉಣ್ಣುವವರು ನಿರಪರಾಧಿಗಳು. ತಿರಸ್ಕೃತ ಜೀವಿ ವಿಕ್ಟರನ ಪುಟ್ಟ ತಮ್ಮ ವಿಲಿಯಂನನ್ನು ಕೊಲ್ಲುತ್ತದೆ. ಆ ಕೊಲೆಯ ಆರೋಪ ಹೊತ್ತ ಮನೆಗೆಲಸದ ಜಸ್ಟೀನ್‌ಗೆ ಮರಣದಂಡನೆಯಾಗುತ್ತದೆ. ಕೊಲೆಗಾರ ಯಾರೆಂದು ಮನಗಂಡಿದ್ದರೂ ತನ್ನನ್ನು ಹುಚ್ಚನೆಂದಾರೆಂದು ವಿಕ್ಟರ್ ಬಾಯಿಬಿಡುವುದಿಲ್ಲ. ಮುಂದೆ ಗೆಳೆಯ ಕ್ಲೆರ್ವಾಲ್, ನವವಧು ಎಲಿಜಬೆತ್ ಹತರಾಗುತ್ತಾರೆ. ತಂದೆ ದುಃಖದಿಂದ ಸಾಯುತ್ತಾನೆ.

ಈ ಕಥೆ ನಮಗೆ ದೊರೆಯುವುದು ಉತ್ತರ ಧ್ರುವದತ್ತ ಹೊರಟ ನಾವಿಕ ವಾಲ್ಟನ್ ತನ್ನ ಅಕ್ಕನಿಗೆ ಬರೆಯುವ ಪತ್ರಗಳಲ್ಲಿ. ಅವನಿಗೆ ಎಚ್ಚರಿಕೆಯಾಗಲೆಂದೇ ವಿಕ್ಟರ್ ಕಥೆ ಹೇಳುತ್ತಾನೆ. ಆದರೂ ಹಿಮದಲ್ಲಿ ಸಿಲುಕಿದ ನಾವಿಕರು ಮರಳೋಣವೆಂದಾಗ ಅವರನ್ನು ಹೇಡಿಗಳೆಂದು ಹಳಿಯುವವನೂ ಅವನೇ. ಸಾಯುವಾಗ ಮಹತ್ವಾಕಾಂಕ್ಷೆ ಬೇಡವೆಂದು ಉಪದೇಶಿಸಿ, ಮರುಗಳಿಗೆಯೇ ತಾನು ಸೋತಲ್ಲಿ ಇನ್ನೊಬ್ಬನು ಗೆಲ್ಲಬಹುದೆನ್ನುತ್ತಾನೆ. ವಾಲ್ಟನ್ ಹಡಗನ್ನು ತಿರುಗಿಸುವುದು ಈ ಉಪದೇಶದಿಂದಲ್ಲ, ನಾವಿಕರ ಒತ್ತಾಯಕ್ಕೆ ಮಣಿದು, ಅದೂ ಅತೃಪ್ತಿಯಿಂದ.