ಕಡಿವಾಣ: ಒರಗುವ ಬಲಿಷ್ಠ ಕುದುರೆಗೆ

ಕುದುರೆ ತನ್ನ ತಲೆ-ಕತ್ತಿನ ಭಾರವನ್ನು ಕಡಿವಾಣದ ಮೇಲೆ, ಅದರ ಮೂಲಕ ಸವಾರನ ಕೈಮೇಲೆ ಹೇರುವುದನ್ನು ಒರಗುವುದು ಎನ್ನುತ್ತಾರೆ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲಿಲ್ಲದ ಜಾಗದಲ್ಲಿ ಕಡಿವಾಣ ಕೂರುತ್ತದೆ. ಅಲ್ಲಿ ಎಲುಬಿನ ಮೇಲೆ ಇರುವುದು ತೆಳ್ಳನೆಯ ಒಸಡು ಮಾತ್ರ.

ಅಲುಗದ, ಒಂದೇ ತುಂಡಿನ ಸರಳು ಒರಗಲು ಒಳ್ಳೆಯ ಆಸರೆ. ಬಿಡಿ ಕೊಂಡಿಗಳದ್ದು ಹಾಗಲ್ಲ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನನೇ ಬಿಗಿ ಕಡಿವಾಣಕ್ಕಿಂತ ಮಣಿಯುವ ಕಡಿವಾಣ ಮೇಲು, ಕುದುರೆಗೆ ಅದನ್ನು ಕಚ್ಚಿ ಹಿಡಿಯಲಾಗದು ಎಂದಿದ್ದಾನೆ. ಇಂದಿನ ವಾಟರ್‌ಫರ್ಡ್ ಕಡಿವಾಣ ಇದೇ ತತ್ತ್ವದ್ದು: ಗುಂಡುಗಳ ಸರದಂತೆ ಎತ್ತ ಬೇಕಾದರೂ ಬಾಗುತ್ತದೆ. ಸವಾರನ ಕೈ ಒರಟಾದರೆ ಇದು ಬಲು ಕಠಿಣ. ಡ್ರೆಸಾಜ್ ಸ್ಪರ್ಧೆಗಳಲ್ಲಿ ಇದಕ್ಕೆ ಅನುಮತಿಯಿಲ್ಲ. ಒರಗುವುದನ್ನು ತಡೆಯಲು ಉರುಳೆಗಳಿರುವ ಕಡಿವಾಣವೂ ಬಳಕೆಯಲ್ಲಿದೆ. ಪೆಲ್ಹಾಮ್ ಮತ್ತು ಕಿಂಬಲ್‌ವಿಕ್ ಎಂಬ ಕಡಿವಾಣಗಳು ಸನ್ನೆಯಂತೆ ಕೆಲಸ ಮಾಡಿ ನೆತ್ತಿಯ ಮೇಲೂ, ಸರಪಳಿಯ ಮೂಲಕ ಗದ್ದದ ಕೆಳಗೂ ಒತ್ತಡ ಹಾಕುತ್ತವೆ. ಓಟದ ಭರದಲ್ಲಿ ಎಳೆಯುವ ಕುದುರೆಯನ್ನು ತಡೆಯಲು ಇವು ನೆರವಾದರೂ, ಕೆಲವು ಕುದುರೆಗಳು ಇವುಗಳ ಮೇಲೂ ಒರಗುತ್ತವೆ.

ಆಯ್ಕೆಗೆ ಮೊದಲು ಪಶುವೈದ್ಯರಿಗೆ ಕುದುರೆಯ ಹಲ್ಲು ತೋರಿಸಬೇಕು. ಚೂಪಾದ ದವಡೆಹಲ್ಲು, ಬೆನ್ನುನೋವು, ಸರಿಹೊಂದದ ಜೀನು ಇವೂ ಒರಗಲು ಕಾರಣವಾಗಬಲ್ಲವು. ಸವಾರ ಎಡೆಬಿಡದೆ ಲಗಾಮು ಎಳೆಯುತ್ತಿದ್ದರೆ ಯಾವ ಕಡಿವಾಣದಿಂದಲೂ ಉಪಯೋಗವಿಲ್ಲ. ಹಿಂಗಾಲಿಗೆ ಭಾರ ಹೊರಿಸುವ ತರಬೇತಿ, ಅಂದರೆ ನಡಿಗೆಯಿಂದ ಕುಕ್ಕುಲೋಟಕ್ಕೂ ಮರಳಿ ನಡಿಗೆಗೂ ಆಗಾಗ ಬದಲಿಸುವುದೇ ಮುಖ್ಯ ಚಿಕಿತ್ಸೆ. ತಿರುಚಿದ ತಂತಿಯ ಕಡಿವಾಣವನ್ನು ಈ ದೋಷಕ್ಕೆ ಬಳಸಬಾರದು. ಅದರಿಂದ ನೋವಾದ ಕುದುರೆ ಇನ್ನಷ್ಟು ರಭಸದಿಂದ ಓಡಬಹುದು.