ಪಂದ್ಯವಿಲ್ಲದ ತಿಂಗಳುಗಳು: ಪ್ರೌಢಶಾಲೆಯ ದೈಹಿಕ ಶಿಕ್ಷಕ ಮತ್ತು ಬರೆಯದ ನಿಯಮ

ನಮ್ಮ ಜಿಲ್ಲೆಯ ಶಾಲಾ ಕ್ರೀಡೆಯ ಬಗ್ಗೆ ಈಚೆಗೆ ಎರಡು ಮಾತು ಪದೇ ಪದೇ ಕೇಳಿಬರುತ್ತಿವೆ. ರಾಜ್ಯ ಮಟ್ಟದ ಕೂಟ ಮುಗಿದರೆ ಪ್ರೌಢಶಾಲೆಯ ದೈಹಿಕ ಶಿಕ್ಷಕರ ಕೆಲಸ ಮುಗಿಯಿತು, ಮುಂದಿನದನ್ನು ಅಕಾಡೆಮಿಗಳು ನೋಡಿಕೊಳ್ಳುತ್ತವೆ ಎನ್ನುವುದು ಒಂದು. ಹೊರದೇಶಗಳಲ್ಲಿರುವಂತೆ ನಮ್ಮಲ್ಲೂ ಬಿಡುವಿನ ಕಾಲದಲ್ಲಿ ಶಿಕ್ಷಕರು ಮಕ್ಕಳನ್ನು ಮೈದಾನಕ್ಕೆ ಕರೆಯದಂತೆ ಕಟ್ಟುನಿಟ್ಟು ಮಾಡಬೇಕು ಎನ್ನುವುದು ಇನ್ನೊಂದು. ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಯ ಮೈದಾನಗಳಲ್ಲಿ ಮಕ್ಕಳು ಹೇಗೆ ತಯಾರಾದರು ಎಂಬುದನ್ನು ಬಲ್ಲವರು ಈ ಎರಡನ್ನೂ ಒಪ್ಪಲಾರರು. ಇಲ್ಲಿ ಆಟಗಾರರು ತಯಾರಾದದ್ದೇ ಪಂದ್ಯವಿಲ್ಲದ ತಿಂಗಳುಗಳಲ್ಲಿ. ಆ ತಿಂಗಳುಗಳ ಬಗ್ಗೆ ನಮ್ಮ ನಿಯಮಗಳು ಏನು ಹೇಳಿದವು, ಏನು ಹೇಳಲಿಲ್ಲ ಎಂಬುದನ್ನು ಒಮ್ಮೆ ಸಾಲಾಗಿ ನೋಡಬೇಕಾಗಿದೆ.

ಶಾಲೆಗಿಂತ ಮೊದಲು ಗರಡಿಮನೆ ಇತ್ತು. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ಜಾತ್ರೆಗಳು, ಜಾತ್ರೆಗಳಲ್ಲಿ ಜಂಗಿ ಕುಸ್ತಿ. ಮಳೆಗಾಲದಲ್ಲಿ ಹೊಲ, ಬೇಸಿಗೆಯಲ್ಲಿ ಕಣ. ಪೈಲ್ವಾನರನ್ನು ಯಾವಾಗ ದುಡಿಸಬೇಕು, ಯಾವಾಗ ಬಿಡಬೇಕು ಎಂಬುದನ್ನು ವಸ್ತಾದರು ಬಾಯಿಮಾತಿನಲ್ಲೇ ನಿರ್ಧರಿಸುತ್ತಿದ್ದರು. ಈ ಭಾಗ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆದ್ದರಿಂದ ಶಾಲಾ ವ್ಯಾಯಾಮದ ಗಾಳಿ ಪುಣೆ, ಮುಂಬೈ ಕಡೆಯಿಂದಲೇ ಬೀಸಿತು. ಪುಣೆಯ ಡೆಕ್ಕನ್ ಜಿಮ್ಖಾನಾ ಖೋಖೋ ನಿಯಮಗಳನ್ನು ಬರಹಕ್ಕೆ ಇಳಿಸಿದ್ದು 1914ರಲ್ಲಿ. ಡಾ. ನಾ.ಸು. ಹರ್ಡೀಕರರ ಸೇವಾದಳ 1923ರ ನಂತರ ಊರೂರಿಗೆ ಕವಾಯತು ತಂದಿತು. 1938ರಲ್ಲಿ ಕಾಂದಿವಲಿಯಲ್ಲಿ ಸರ್ಕಾರಿ ವ್ಯಾಯಾಮ ಶಿಕ್ಷಕರ ತರಬೇತಿ ಸಂಸ್ಥೆ ಆರಂಭವಾಯಿತು. ಆ ಕಾಲದ ಡ್ರಿಲ್ ಮಾಸ್ತರರಿಗೆ ಶಾಲೆಯ ಗಂಟೆಯೊಳಗಿನ ಕವಾಯತೇ ಕೆಲಸ. ಪಂದ್ಯಕಾಲ, ಬಿಡುವಿನ ಕಾಲ ಎಂಬ ವಿಂಗಡಣೆಯೇ ಇರಲಿಲ್ಲ.

ಆ ವಿಂಗಡಣೆ ಬಂದದ್ದು 1954ರಲ್ಲಿ ಭಾರತ ಶಾಲಾ ಕ್ರೀಡಾ ಒಕ್ಕೂಟ ಹುಟ್ಟಿದ ಮೇಲೆ. ರಾಷ್ಟ್ರಮಟ್ಟದ ಕೂಟಕ್ಕೆ ದಿನಾಂಕ ಬಿದ್ದಾಗ ಅದರ ಕೆಳಗಿನ ಮೆಟ್ಟಿಲುಗಳಿಗೂ ದಿನಾಂಕ ಬೇಕಾಯಿತು. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿ ನಿಂತಿತು. ಜುಲೈ, ಆಗಸ್ಟಿನಲ್ಲಿ ವಲಯ ಮಟ್ಟದಿಂದ ಹೊರಟ ತಂಡ ವರ್ಷ ಮುಗಿಯುವ ಹೊತ್ತಿಗೆ ರಾಜ್ಯ ಮಟ್ಟ ದಾಟಿರಬೇಕು. ಜಾತ್ರೆಯ ಕಾಲದಲ್ಲಿ ನಡೆಯುತ್ತಿದ್ದ ಆಟ ಮಳೆಗಾಲಕ್ಕೆ ಬಂತು. ನಮ್ಮ ಕಪ್ಪು ಮಣ್ಣಿನ ಮೈದಾನಗಳಲ್ಲಿ ಆಗಸ್ಟಿನ ಮಳೆಯಲ್ಲಿ ಖೋಖೋ ಆಡಿಸಿದವರಿಗೆ ಇದರ ಅರ್ಥ ಗೊತ್ತು: ಪಂದ್ಯದ ಕಾಲ ಪಂದ್ಯಕ್ಕೇ ಸಾಲದು, ಕಲಿಕೆಗೆ ಎಲ್ಲಿಂದ ಸಾಕಾದೀತು?

1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂತು, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂತು. ಇವುಗಳಿಂದ ಒಳ್ಳೆಯ ಕೋಚ್‌ಗಳು ತಯಾರಾದರು. ಜೊತೆಗೆ ದೈಹಿಕ ಶಿಕ್ಷಕ ಬೇರೆ, ಕೋಚ್ ಬೇರೆ ಎಂಬ ಭೇದವೂ ಬೇರೂರಿತು. ವರ್ಷವಿಡೀ ತರಬೇತಿ ಕೊಡುವುದು ಕ್ರೀಡಾ ಇಲಾಖೆಯ ಕೋಚ್‌ನ ಕೆಲಸವಾಯಿತು. ತಂಡವನ್ನು ಕೂಟಕ್ಕೆ ಕರೆದೊಯ್ದು ಕರೆತರುವುದು ಶಿಕ್ಷಣ ಇಲಾಖೆಯ ಮಾಸ್ತರರ ಕೆಲಸವಾಯಿತು. ಕ್ರೀಡಾ ಇಲಾಖೆಯ ಕೋಚ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಕಾಗಿನೆಲೆಯ ಮಗುವಿಗೆ ಸಿಗುವುದು ಮಾಸ್ತರರು ಮಾತ್ರ. ಎರಡು ಇಲಾಖೆಗಳ ನಡುವಿನ ಈ ಬಿರುಕು ಇಂದಿಗೂ ಮುಚ್ಚಿಲ್ಲ.

ಈ ಬಿರುಕನ್ನು ಎಂಬತ್ತು, ತೊಂಬತ್ತರ ದಶಕಗಳಲ್ಲಿ ತಮ್ಮ ರಜೆಯಿಂದ ತುಂಬಿದವರು ನಮ್ಮ ತಲೆಮಾರಿನ ದೈಹಿಕ ಶಿಕ್ಷಕರು. ಆಗ ನಮ್ಮದು ಧಾರವಾಡ ಜಿಲ್ಲೆ. ಹಾವೇರಿ ಬೇರೆಯಾದದ್ದು 1997ರಲ್ಲಿ. ನಾವು ಬಹುಪಾಲು ಜನ ಬಿ.ಪಿ.ಇಡಿ. ಮುಗಿಸಿ ಹಳ್ಳಿಯ ಪ್ರೌಢಶಾಲೆಗೆ ಬಂದವರು. ಬಂದ ವರ್ಷವೇ ಒಂದು ಲೆಕ್ಕ ಅರ್ಥವಾಯಿತು. ಪ್ರೌಢಶಾಲೆಯೆಂದರೆ ಎಂಟು, ಒಂಬತ್ತು, ಹತ್ತು. ಮಗು ಎಂಟಕ್ಕೆ ಸೇರಿ ಹತ್ತು ಮುಗಿಸುವುದರೊಳಗೆ ನಮ್ಮ ಕೈಗೆ ಸಿಗುವುದು ಎರಡೇ ಬೇಸಿಗೆ. ಶಾಲೆ ಮೇ ಕೊನೆಗೆ ತೆರೆದರೆ ವಲಯ ಮಟ್ಟದ ಪಂದ್ಯಕ್ಕೆ ಉಳಿಯುವುದು ಕೆಲವೇ ವಾರ. ಆ ವಾರಗಳಲ್ಲಿ ದಮ್ಮು ಬರುವುದಿಲ್ಲ, ಕಾಲಿನ ಕಸುವು ಬರುವುದಿಲ್ಲ. ತಂಡದ ಪಟ್ಟಿ ಬರೆಯುವುದಷ್ಟೇ ಆಗುತ್ತದೆ. ಆದ್ದರಿಂದ ಜನವರಿಯಿಂದ ಮೇವರೆಗಿನ ಕಾಲವೇ ನಮಗೆ ಬಿತ್ತನೆಯ ಕಾಲವಾಯಿತು.

ಕ್ರಮ ಹೀಗಿತ್ತು. ಕೂಟಗಳು ಮುಗಿದ ಮೇಲೆ ಮಕ್ಕಳಿಗೆ ಪೂರ್ತಿ ಬಿಡುವು. ಸಂಕ್ರಾಂತಿ ಕಳೆದ ಮೇಲೆ ಬೆಳಗಿನ ಓಟ. ಕಾಗಿನೆಲೆಯವರಿಗೆ ಕೆರೆಯ ಏರಿ ಇತ್ತು, ಬೇರೆ ಊರಿನವರಿಗೆ ಹೊಲದ ದಾರಿ. ಹತ್ತನೆಯವರನ್ನು ಫೆಬ್ರವರಿಯಿಂದಲೇ ಪರೀಕ್ಷೆಗೆ ಬಿಟ್ಟುಬಿಡುತ್ತಿದ್ದೆವು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಬಿಸಿಲು ಏರುವ ಮೊದಲು ಒಂದು ಸುತ್ತು, ಸಂಜೆ ಒಂದು ಸುತ್ತು. ಮಣ್ಣು ಜರಡಿ ಹಿಡಿದು, ನೀರು ಹೊಡೆದು ಕಬಡ್ಡಿ ಅಂಕಣ ಹದ ಮಾಡುವುದರಲ್ಲೇ ಮಕ್ಕಳ ತೋಳು ಗಟ್ಟಿಯಾಗುತ್ತಿದ್ದವು. ಧಾರವಾಡಕ್ಕೋ ದಾವಣಗೆರೆಗೋ ಓದಲು ಹೋದ ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ಅವರೇ ಎದುರಾಳಿ ತಂಡ. ಸುತ್ತಲಿನ ಪ್ರಾಥಮಿಕ ಶಾಲೆಗಳ ಏಳನೆಯ ತರಗತಿ ಮುಗಿಸಿದವರೂ ಬಂದು ಕೂಡುತ್ತಿದ್ದರು. ಜೂನಿನಲ್ಲಿ ಅವರು ಎಂಟಕ್ಕೆ ಸೇರುವಾಗಲೇ ಯಾರು ಓಡಬಲ್ಲರು, ಯಾರು ಹಿಡಿಯಬಲ್ಲರು ಎಂಬುದು ತಿಳಿದಿರುತ್ತಿತ್ತು. ತಿನ್ನಲು ಶೇಂಗಾ, ಬೆಲ್ಲ. ಅದನ್ನು ಊರಿನವರೇ ಕೊಡುತ್ತಿದ್ದರು.

ಇದಕ್ಕೆ ಶಾಲಾ ಮೈದಾನದ ಪದ್ಧತಿ ಎಂದು ಹೆಸರಿಡಬಹುದು. ಆರಿಸಿದ ಮಕ್ಕಳನ್ನು ಊರಿನಿಂದ ಎತ್ತಿ ಹಾಸ್ಟೆಲಿನಲ್ಲಿಟ್ಟು ಕಲಿಸುವ ಪದ್ಧತಿ ಇದರ ಜೊತೆಯಲ್ಲೇ ಬೆಳೆಯಿತು. ಪ್ರಾಧಿಕಾರವು 1985ರಿಂದ ಶಾಲೆಗಳನ್ನು ದತ್ತು ತೆಗೆದುಕೊಂಡಿತು, ಧಾರವಾಡದಲ್ಲಿ ಅದರ ತರಬೇತಿ ಕೇಂದ್ರ ಬಂತು, ರಾಜ್ಯದ ಕ್ರೀಡಾ ವಸತಿ ನಿಲಯಗಳೂ ಬಂದವು. ಅವುಗಳ ಉಪಕಾರ ದೊಡ್ಡದು. ಆದರೆ ಹಾಸ್ಟೆಲ್ ಆರಿಸುವುದು ಆಗಲೇ ಕಾಣುವ ಪ್ರತಿಭೆಯನ್ನು. ಕಾಣದ್ದನ್ನು ಕಾಣುವಂತೆ ಮಾಡಿದ್ದು ಊರಿನ ಮೈದಾನ. ಹಾಸ್ಟೆಲಿಗೆ ಆಯ್ಕೆಯಾಗದ ಹುಡುಗನಿಗೂ ಇಲ್ಲಿ ಜಾಗವಿತ್ತು. ಈ ಎರಡರಲ್ಲಿ ಮೈದಾನದ ಪದ್ಧತಿಯೇ ಹೆಚ್ಚು ಮಕ್ಕಳನ್ನು ಮುಟ್ಟಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಕೆಲಸಕ್ಕೆ ನಿಯಮದ ಬೆಂಬಲ ಎಷ್ಟಿತ್ತು? ನನ್ನ ಸೇವಾವಧಿಯಲ್ಲಿ ಕೈಗೆ ಬಂದ ಸುತ್ತೋಲೆಗಳು ಕೂಟದ ದಿನಾಂಕ, ವಯೋಮಿತಿ, ತಂಡದ ಸಂಖ್ಯೆ, ಪ್ರಯಾಣ ಭತ್ಯೆ ಇವುಗಳ ಬಗ್ಗೆ ವಿವರವಾಗಿ ಹೇಳುತ್ತಿದ್ದವು. ಬಿಡುವಿನ ಕಾಲದ ಬಗ್ಗೆ ಅವುಗಳದ್ದು ಮೌನ. ಆದರೆ ಬೇರೆ ವಿಷಯಕ್ಕೆಂದು ಬರೆದ ನಿಯಮಗಳು ಪಕ್ಕದಿಂದ ಬಂದು ತಗಲುತ್ತಿದ್ದವು. ಮೊದಲನೆಯದು ರಜೆಯ ನಿಯಮ. ಶಿಕ್ಷಕರಿಗೆ ಬೇಸಿಗೆ, ದಸರಾ ರಜೆ ಇರುವುದರಿಂದ ಉಳಿದ ನೌಕರರಷ್ಟು ಗಳಿಕೆ ರಜೆ ಇಲ್ಲ. ಚುನಾವಣೆ, ಜನಗಣತಿ ಎಂದು ಆದೇಶದ ಮೇಲೆ ರಜೆಯಲ್ಲಿ ದುಡಿದರೆ ಅದಕ್ಕೆ ಪ್ರತಿಯಾಗಿ ಗಳಿಕೆ ರಜೆ ಖಾತೆಗೆ ಸೇರುತ್ತದೆ. ಇಡೀ ಮೇ ತಿಂಗಳು ಮಕ್ಕಳನ್ನು ಓಡಿಸಿದವರಿಗೆ ಆದೇಶವೇ ಇಲ್ಲದ್ದರಿಂದ ಖಾತೆಗೆ ಏನೂ ಸೇರುವುದಿಲ್ಲ. ಎರಡನೆಯದು ನಡತೆ ನಿಯಮ. 1966ರ ನಿಯಮಗಳಿರಲಿ, ಅವುಗಳ ಜಾಗಕ್ಕೆ ಬಂದ 2021ರ ನಿಯಮಗಳಿರಲಿ, ಅನುಮತಿಯಿಲ್ಲದೆ ಖಾಸಗಿ ಉದ್ಯೋಗ ಕೂಡದು ಎನ್ನುತ್ತವೆ. ಅದು ನ್ಯಾಯವೇ. ಆದರೆ ಪಾಲಕರು ಚೆಂಡಿಗೆ, ಸುಣ್ಣದ ಪುಡಿಗೆ ಕೊಟ್ಟ ಹಣವನ್ನು ಯಾವ ಪುಸ್ತಕದಲ್ಲಿ ಬರೆಯಬೇಕೆಂದು ಯಾರೂ ಹೇಳಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಗೊಂದಲ ಹೆಚ್ಚಿತು. ಅದರ 28ನೆಯ ಕಲಂ ಶಿಕ್ಷಕರು ಖಾಸಗಿ ಪಾಠವನ್ನಾಗಲಿ ಖಾಸಗಿ ಬೋಧನೆಯನ್ನಾಗಲಿ ಮಾಡಕೂಡದು ಎನ್ನುತ್ತದೆ. ಕಬಡ್ಡಿ ಹಿಡಿತ ಹೇಳಿಕೊಡುವುದು ಬೋಧನೆಯೇ? ಕಾಯ್ದೆ ಹೇಳುವುದಿಲ್ಲ. ಅದರ ವ್ಯಾಪ್ತಿ ಎಂಟನೆಯ ತರಗತಿಯವರೆಗೆ. ಒಂದೇ ತಂಡದ ಎಂಟನೆಯವನು ಒಳಗೆ, ಒಂಬತ್ತನೆಯವನು ಹೊರಗೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ತಂದಿತು. 16 ವರ್ಷದೊಳಗಿನವರನ್ನು ಸೇರಿಸಕೂಡದು, ವಾರದ ರಜೆ ಕೊಡಬೇಕು ಎಂಬೆಲ್ಲ ಒಳ್ಳೆಯ ಮಾತು ಅದರಲ್ಲಿವೆ. ಆದರೆ ಕೋಚಿಂಗ್ ಎಂದರೇನು ಎಂದು ವಿವರಿಸುವಾಗ ಕ್ರೀಡೆಯನ್ನು ಅದು ಹೊರಗಿಟ್ಟಿದೆ. ಗಣಿತ ಕಲಿಯುವ ಮಗುವಿಗೆ ಸಿಕ್ಕ ರಕ್ಷಣೆ ಬಿಸಿಲಿನಲ್ಲಿ ಓಡುವ ಮಗುವಿಗೆ ಸಿಗಲಿಲ್ಲ.

ಈ ನಡುವೆ ಒಂದು ಭರವಸೆಯೂ ಬಂದು ಹೋಯಿತು. 2008ರಲ್ಲಿ ಆರಂಭವಾದ ಪೈಕಾ ಯೋಜನೆ ಗ್ರಾಮ ಪಂಚಾಯಿತಿಗೊಂದು ಮೈದಾನ, ಅದನ್ನು ನೋಡಿಕೊಳ್ಳಲು ಗೌರವಧನದ ಕ್ರೀಡಾಶ್ರೀ ಎಂದು ಬರೆದಿತ್ತು. ವರ್ಷವಿಡೀ ಮೈದಾನದಲ್ಲಿ ಇರುವವರಿಗೂ ಪ್ರತಿಫಲ ಬೇಕು ಎಂದು ಕಾಗದದಲ್ಲಿ ಒಪ್ಪಿಕೊಂಡದ್ದು ಅದರ ದೊಡ್ಡ ಗುಣ. 2014ರಲ್ಲಿ ಆ ಯೋಜನೆ ರಾಜೀವ್ ಗಾಂಧಿ ಖೇಲ್ ಅಭಿಯಾನವಾಯಿತು, ಆಮೇಲೆ ಖೇಲೋ ಇಂಡಿಯಾದಲ್ಲಿ ಕರಗಿತು. ಗಮನ ಪಂಚಾಯಿತಿಯಿಂದ ಮತ್ತೆ ಕೇಂದ್ರಗಳ ಕಡೆಗೆ ಹೊರಳಿತು.

2014ರಲ್ಲೇ ಪ್ರೊ ಕಬಡ್ಡಿ ಟಿ.ವಿ.ಗೆ ಬಂತು, 2022ರಲ್ಲಿ ಅಲ್ಟಿಮೇಟ್ ಖೋ ಖೋ. ನಮ್ಮ ಮಣ್ಣಿನ ಆಟಗಳಿಗೆ ಮ್ಯಾಟ್, ದುಡ್ಡು, ಹೆಸರು ಬಂದದ್ದು ಸಂತೋಷ. ಪಟ್ಟಣಗಳಲ್ಲಿ ಅಕಾಡೆಮಿಗಳು ಎದ್ದವು. ಬೇಸಿಗೆ ಶಿಬಿರಕ್ಕೆ ಶುಲ್ಕ ನಿಗದಿಯಾಯಿತು. ಶುಲ್ಕ ಕೊಡಬಲ್ಲ ಮಗು ಅಲ್ಲಿಗೆ ಹೋಯಿತು. ಬ್ಯಾಡಗಿಯ ಸುತ್ತಲಿನ ಎಷ್ಟೋ ಮನೆಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಬಿಡಿಸುವ, ಒಣಗಿಸುವ, ತೊಟ್ಟು ಮುರಿಯುವ ಕೆಲಸ. ಮಕ್ಕಳೂ ಕೈ ಹಾಕುತ್ತಾರೆ. ಬೆಳಿಗ್ಗೆ ಒಂದು ತಾಸು ಮೈದಾನಕ್ಕೆ ಬಂದು ಆಮೇಲೆ ಹೊಲಕ್ಕೆ ಹೋಗುವ ಆ ಮಕ್ಕಳಿಗೆ ಅಕಾಡೆಮಿ ದೂರ. ಅವರಿಗೆ ಶಾಲೆಯ ಮೈದಾನವೂ ಮುಚ್ಚಿದರೆ ಏನು ಉಳಿಯುತ್ತದೆ?

ಇನ್ನು ಹೊರದೇಶದ ಉದಾಹರಣೆ. ಅಮೆರಿಕದಲ್ಲಿ ಹಲವು ರಾಜ್ಯಗಳ ಶಾಲಾ ಕ್ರೀಡಾ ಸಂಘಗಳು ಪಂದ್ಯವಿಲ್ಲದ ಕಾಲಕ್ಕೆ ಮಿತಿ ಹಾಕಿವೆ. ಟೆಕ್ಸಾಸ್‌ನಲ್ಲಿ ಆ ಕಾಲದಲ್ಲಿ ಶಾಲೆಯ ದಿನಕ್ಕೆ 60 ನಿಮಿಷದ ಮೇಲೆ ಅಭ್ಯಾಸ ಮಾಡಿಸುವಂತಿಲ್ಲ. ಜಪಾನಿನ ಕ್ರೀಡಾ ಇಲಾಖೆ 2018ರಲ್ಲಿ ತಂದ ಮಾರ್ಗಸೂಚಿ ವಾರಕ್ಕೆ ಕನಿಷ್ಠ ಎರಡು ದಿನ ಬಿಡುವು, ಶಾಲೆಯ ದಿನ ಸುಮಾರು 2 ತಾಸು, ರಜಾದಿನ ಸುಮಾರು 3 ತಾಸು ಎಂದಿತು. ಇವುಗಳ ಹಿನ್ನೆಲೆ ನೋಡಬೇಕು. ಅಮೆರಿಕದಲ್ಲಿ ಕೋಚ್ ಆಗಿ ದುಡಿಯುವುದಕ್ಕೆ ಸಂಬಳವಿದೆ, ಗೆಲುವಿಗೆ ಒತ್ತಡವಿದೆ. ಒಂದೇ ಆಟಕ್ಕೆ ಮಗುವನ್ನು ವರ್ಷವಿಡೀ ಕಟ್ಟಿಹಾಕುವ ಭಯವಿದೆ. ಜಪಾನಿನಲ್ಲಿ ಶಿಕ್ಷಕರೇ ಕ್ಲಬ್ ಚಟುವಟಿಕೆಯ ಹೊರೆಯಿಂದ ಬಸವಳಿದಿದ್ದರು. ಅತಿಯಾದದ್ದನ್ನು ತಗ್ಗಿಸಲು ಹುಟ್ಟಿದ ನಿಯಮಗಳು ಅವು. ನಮ್ಮಲ್ಲಿರುವುದು ಕೊರತೆ. ಎಷ್ಟೋ ಹಳ್ಳಿ ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆಯೇ ಇಲ್ಲ, ಇದ್ದರೂ ಖಾಲಿ. ದೈಹಿಕ ಶಿಕ್ಷಕರ ಸ್ಥಾನಮಾನದ ಬಗ್ಗೆ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ಸಂಘಟನೆಗಳು ವರ್ಷಗಟ್ಟಲೆ ಕೇಳುತ್ತ ಬಂದಿವೆ. ಹಾಗಿರುವಾಗ ಕಡಿವಾಣವನ್ನು ಮಾತ್ರ ಆಮದು ಮಾಡಿಕೊಳ್ಳುವುದು ಅನ್ಯಾಯ.

ಹಾಗೆಂದು ಮಿತಿಯೇ ಬೇಡ ಎನ್ನುವವನು ನಾನಲ್ಲ. ನಮ್ಮ ಪದ್ಧತಿಯಲ್ಲಿ ಮಗುವಿನ ಸುರಕ್ಷೆ ಮಾಸ್ತರರ ಒಳ್ಳೆಯತನವನ್ನೇ ನಂಬಿ ನಿಂತಿತ್ತು. ರಜೆಯಲ್ಲಿ ಬಿದ್ದು ಕೈ ಮುರಿದರೆ ಆಸ್ಪತ್ರೆಯ ಖರ್ಚು ಯಾರದು? ಹೆಣ್ಣುಮಕ್ಕಳ ಅಭ್ಯಾಸದಲ್ಲಿ ಶಿಕ್ಷಕಿಯೋ ತಾಯಂದಿರೋ ಜೊತೆಗಿರಬೇಕೆಂಬುದು ಬರಹದಲ್ಲಿ ಬೇಡವೇ? 2012ರ ಪೋಕ್ಸೊ ಕಾಯ್ದೆಯ ನಂತರ ಈ ಪ್ರಶ್ನೆಯನ್ನು ಸಂಕೋಚದಿಂದ ಬದಿಗಿಡಲಾಗದು. ಊಟದ ಪ್ರಶ್ನೆ ಇನ್ನೂ ನೇರ. ಶಾಲಾ ದಿನಗಳಲ್ಲಿ ಹತ್ತನೆಯವರೆಗೆ ಬಿಸಿಯೂಟವಿದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆಯೂ ಇದೆ. ಮಗು ಹೆಚ್ಚು ಬೆವರುವ ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ಇಲ್ಲ. 2024ರ ಬರಗಾಲದಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಟ್ಟದ್ದುಂಟು; ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಬೇಕಾಗಿರುವುದು ಎರಡು ಇಲಾಖೆಗಳೂ ಸೇರಿ ಹೊರಡಿಸುವ ಒಂದು ಆದೇಶ. ಪಂದ್ಯವಿಲ್ಲದ ಕಾಲದ ತರಬೇತಿ ದೈಹಿಕ ಶಿಕ್ಷಕರ ಕರ್ತವ್ಯದ ಭಾಗ ಎಂದು ಅದು ಒಪ್ಪಲಿ, ರಜೆಯಲ್ಲಿ ದುಡಿದ ದಿನಗಳಿಗೆ ಗಳಿಕೆ ರಜೆ ಕೊಡಲಿ. ಅದರಲ್ಲೇ ಮಿತಿಗಳೂ ಇರಲಿ: ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ನಂತರ, ಸಂಜೆ ಐದರ ಮೊದಲು ಅಭ್ಯಾಸ ಬೇಡ, ವಾರಕ್ಕೆ ಎರಡು ದಿನ ಬಿಡುವು, ಪಾಲಕರ ಲಿಖಿತ ಒಪ್ಪಿಗೆ, ಹತ್ತನೆಯವರಿಗೆ ಪರೀಕ್ಷೆ ಮುಗಿಯುವವರೆಗೆ ಕಡ್ಡಾಯ ವಿರಾಮ, ಮಗುವಿನಿಂದ ಒಂದು ರೂಪಾಯಿಯೂ ಶುಲ್ಕವಿಲ್ಲ. ಶಾಲೆಯ ಗೇಟಿನ ಕೀಲಿ, ವಿಮೆ, ಒಂದು ಹೊತ್ತಿನ ಊಟ ಇವುಗಳ ಹೊಣೆ ಎಸ್‌ಡಿಎಂಸಿ ಮತ್ತು ಪಂಚಾಯಿತಿಗೆ ಇರಲಿ.

ಹೊಸದಾಗಿ ಕೆಲಸಕ್ಕೆ ಸೇರಿದ ದೈಹಿಕ ಶಿಕ್ಷಕರು ನಮ್ಮಷ್ಟೇ ಉತ್ಸಾಹಿಗಳು, ನಮಗಿಂತ ಹೆಚ್ಚು ಓದಿದವರು. ಅವರನ್ನು ಉತ್ಸಾಹವೊಂದರ ಮೇಲೆಯೇ ದುಡಿಸುವುದು ಇನ್ನು ಸಾಕು. ಮುಂದಿನ ಏಪ್ರಿಲ್ ರಜೆ ಆರಂಭವಾಗುವ ಮೊದಲು ಈ ಆದೇಶ ಹೊರಬರಲಿ ಎಂದು ಇಲಾಖೆಯವರನ್ನೂ ನಮ್ಮ ಶಾಸಕರನ್ನೂ ಕೇಳಿಕೊಳ್ಳುತ್ತೇನೆ.