ವಿದೇಶದಿಂದ ಬರುವ ಬಂಧುಗಳಿಗೆ ಪ್ರವಾಸಿ ವೀಸಾ

ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಬಂಧುಗಳು ಕುಟುಂಬದವರನ್ನು ಕಾಣಲು ಭಾರತಕ್ಕೆ ಬರುವುದಾದಲ್ಲಿ ಪ್ರವಾಸಿ ವೀಸಾ ಪಡೆಯತಕ್ಕದ್ದು. ವೀಸಾ ನೀಡುವ ಅಧಿಕಾರ ಕೇಂದ್ರ ಸರ್ಕಾರದ್ದಾಗಿರುವುದರಿಂದ ಆತಿಥೇಯರು ಇಲ್ಲಿನ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗಳಿಗೆ ಅಲೆಯುವ ಅಗತ್ಯವಿರುವುದಿಲ್ಲ. 2014ರ ನವೆಂಬರ್‌ನಲ್ಲಿ ಆರಂಭವಾದ ಅಂತರಜಾಲ ವ್ಯವಸ್ಥೆಯ ಮೂಲಕ ಅರ್ಹ ದೇಶಗಳ ಪ್ರಜೆಗಳು ಇ-ವೀಸಾಕ್ಕೆ ಸ್ವತಃ ಅರ್ಜಿ ಸಲ್ಲಿಸಬಹುದು. ಪಾಕಿಸ್ತಾನ ಮೂಲದವರೂ ಸೇರಿದಂತೆ ಉಳಿದವರು ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಪಾಸ್‌ಪೋರ್ಟ್ ಕನಿಷ್ಠ 6 ತಿಂಗಳು ಊರ್ಜಿತವಿದ್ದು, 2 ಖಾಲಿ ಪುಟಗಳನ್ನು ಹೊಂದಿರಬೇಕು. ಅರ್ಜಿ ತಿರಸ್ಕೃತವಾದರೂ ಶುಲ್ಕವನ್ನು ಹಿಂದಿರುಗಿಸಲಾಗುವುದಿಲ್ಲ.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ತಂದೆತಾಯಿಗಳು ಭಾರತೀಯ ಪ್ರಜೆಗಳೇ ಆಗಿದ್ದರೂ, ಅಮೆರಿಕದಲ್ಲಿ ಜನಿಸಿ ಆ ದೇಶದ ಪಾಸ್‌ಪೋರ್ಟ್ ಪಡೆದ ಹಸುಗೂಸಿಗೂ ಪ್ರತ್ಯೇಕ ವೀಸಾ ಬೇಕು. ಅಜ್ಜ-ಅಜ್ಜಿಯರನ್ನು ನೋಡಲು ಹೊರಟ ಮಗುವನ್ನು ವೀಸಾ ಇಲ್ಲದ ಕಾರಣ ವಿಮಾನ ಹತ್ತುವ ಮುನ್ನವೇ ತಡೆಯಲಾಗುವುದು. ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಉಳ್ಳವರಿಗೆ ವೀಸಾ ಬೇಕಿಲ್ಲ.

ಅವಧಿಯ ಲೆಕ್ಕದಲ್ಲಿಯೂ ಗೊಂದಲ ಸಾಮಾನ್ಯ. 30 ದಿನಗಳ ಇ-ಪ್ರವಾಸಿ ವೀಸಾದ ಅನುಮತಿ ಪತ್ರದಲ್ಲಿ ಕಾಣುವ ಮುಕ್ತಾಯ ದಿನಾಂಕವು ಭಾರತವನ್ನು ಪ್ರವೇಶಿಸಲು ಇರುವ ಕೊನೆಯ ದಿನವೇ ಹೊರತು ವಾಸ್ತವ್ಯದ ಕೊನೆಯ ದಿನವಲ್ಲ. 30 ದಿನಗಳನ್ನು ಮೊದಲ ಪ್ರವೇಶದಿಂದ ಎಣಿಸಲಾಗುವುದು. 1 ಮತ್ತು 5 ವರ್ಷಗಳ ವೀಸಾಗಳ ಅವಧಿಯಾದರೋ ಅನುಮತಿ ದೊರೆತ ದಿನದಿಂದಲೇ ಆರಂಭವಾಗುವುದು. ಅವಧಿ ಮೀರಿ ತಂಗುವುದು ಶಿಕ್ಷಾರ್ಹ ಅಪರಾಧ. ಇ-ಪ್ರವಾಸಿ ವೀಸಾವನ್ನು ಸಾಮಾನ್ಯವಾಗಿ ವಿಸ್ತರಿಸಲಾಗುವುದಿಲ್ಲವಾದ್ದರಿಂದ, ಮದುವೆ, ಬಾಣಂತನಗಳಿಗೆ ಬಂದು ಹೆಚ್ಚು ದಿನ ಉಳಿಯುವವರು ಮೊದಲೇ ದೀರ್ಘಾವಧಿಯ ವೀಸಾ ಕೋರುವುದು ಸೂಕ್ತ.